ಅಪ್ಪನ ಕೈಗೆ ಇಪ್ಪತ್ತೈದು ಡಿಗ್ರಿ

ಸೆಪ್ಟೆಂಬರ್ 21, ಭಾನುವಾರ

ಕೋನ ಅಳೆಯೋ ಮೀಟರ್ ಇಟ್ಟು ಮತ್ತೆ ಅಳೆದೆ. ಮನೆಯ ಹಳೇ ಮಚ್ಚಿನ ಹಿಡಿ ಹತ್ತಿರ 25 ಡಿಗ್ರಿ, ತುದಿಗೆ ಹೋದರೆ 22. ಹೈಸ್ಕೂಲಲ್ಲಿ ಮಕ್ಕಳಿಗೆ ಜಾಮಿಟ್ರಿ ಹೇಳೋಳು ನಾನು — ನಾಚಿಕೆಗೇಡು.

ಅಲಗನ್ನು ಕ್ಲಾಂಪಿಗೆ ಕಚ್ಚಿಸೋದು, ರಾಡಿಗೆ ಕಟ್ಟಿದ ಸಾಣೆಕಲ್ಲನ್ನು ಅದರ ಮೇಲೆ ಆಡಿಸೋದು. ಕೈ ನಡುಗಿದರೂ ಕೋನ ತಪ್ಪಬಾರದು. ನಾನು ಕಟ್ತಿರೋ ಈ ಮಸೆಯೋ ಯಂತ್ರದಿಂದ ಬೇಕಿರೋದು ಅಷ್ಟೇ.

ಅಪ್ಪನಿಗೆ ಸ್ಟ್ರೋಕ್ ಆಗಿ ಏಳು ತಿಂಗಳು. ಬಲಗೈ ನಡುಕ ನಿಂತಿಲ್ಲ. ಜೂನಲ್ಲಿ ಕೆಂಪಣ್ಣನ ಕಬ್ಬು ಕಡಿಯೋ ಮಚ್ಚು ಮಸೆದುಕೊಟ್ಟರು. ಅಲಗು ಕೆಟ್ಟಿತು. ಆತ ಕೂಲಿ ಕೊಟ್ಟೇ ತಗೊಂಡು ಹೋದ, ಬೈದಿದ್ದರೇ ಚೆನ್ನಾಗಿತ್ತು. ಶೀಳನೆರೆಯ ರಾಮಚಂದ್ರಾಚಾರಿ, ಊರಿಗೇ ಕಮ್ಮಾರರಾದ ನಮ್ಮಪ್ಪ, ಅವತ್ತಿಂದ ಕಲ್ಲು ಮುಟ್ಟಿಲ್ಲ.

ಸೆಪ್ಟೆಂಬರ್ 28, ಸಂಜೆ 6

ಹೊಳೀತು! ರಾಡಿನ ಬುಡ ಒಂದೇ ಕಡೆ ನಿಂತರೆ ಅಲಗಿನ ತುದಿ ದೂರ ಆಗುತ್ತೆ, ಕೋನ ಇಳಿಯುತ್ತೆ. ಕಲ್ಲಿನ ಜೊತೆ ಬುಡವೂ ಸರಿಯಬೇಕು. ಹಳೇ ಮೇಜಿನ ಡ್ರಾಯರ್ ಜಾರೋ ಚಾನೆಲ್ ಕಿತ್ತು, ಕೆ.ಆರ್.ಪೇಟೆ ವರ್ಕ್‌ಶಾಪಿನ ಶಿವು ಹತ್ತಿರ ರಾಡಿನ ಬುಡಕ್ಕೆ ವೆಲ್ಡ್ ಮಾಡಿಸಿದೆ.

ಹಿಡಿ 25. ನಡು 25. ತುದಿ 25. ಮೀಟರ್ ನೋಡ್ತಾನೇ ಕೂತೆ.

ಅಕ್ಟೋಬರ್ 1, ಆಯುಧಪೂಜೆ

ಸ್ಕೂಟರು, ಮಿಕ್ಸಿ, ಅಪ್ಪನ ಸುತ್ತಿಗೆ, ನನ್ನ ಯಂತ್ರ — ಅವ್ವ ಯಾವುದನ್ನೂ ಬಿಡಲಿಲ್ಲ. ಗಂಧ, ಕುಂಕುಮ, ಹೂವು. ಬಾಯಿ ತೆರೆದಿದ್ದ ಕ್ಲಾಂಪಿಗೂ.

ಭಾನುವಾರ ಮಚ್ಚು ತರೋಕೆ ಕೆಂಪಣ್ಣನಿಗೆ ಹೇಳಿದೀನಿ. ಅಪ್ಪನಿಗೆ ಹೇಳಿಲ್ಲ.

ಅಕ್ಟೋಬರ್ 4

ಒಂದು ಮಗ್ಗುಲು 26, ಇನ್ನೊಂದು 24. ಎರಡು ದಿನದಿಂದ ಹೀಗೇ. ಸ್ಕ್ರೂ, ಚಾನೆಲ್, ಮೀಟರಿನ ಸೆಲ್ಲು... ಎಲ್ಲ ನೋಡಿದೆ. ಭಯ ಆಗ್ತಿದೆ. ನಾಳೆ ಅಲಗು ಮತ್ತೆ ಕೆಟ್ಟರೆ ಅಪ್ಪ ತಮ್ಮ ಕೈಯದೇ ತಪ್ಪು ಅಂದುಕೊಳ್ತಾರೆ. ಆಮೇಲೆ ಕಲ್ಲಿನ ಕಡೆ ತಿರುಗಿಯೂ ನೋಡಲ್ಲ.

ಅಕ್ಟೋಬರ್ 5, ಭಾನುವಾರ

ಕೆಂಪಣ್ಣ ಬಂದೇಬಿಟ್ಟ. ಮುಂದಿನ ವಾರ ಬಾ ಅಂತ ರಾಗ ಎಳೆದೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು, ಕ್ಲಾಂಪಿನ ಬಾಯೊಳಗೆ ಆ ನಡುಗೋ ಹೆಬ್ಬೆರಳು ಆಡಿಸಿದರು.

"ಇಲ್ಲೇನೋ ಕುಂತದೆ ಕಣವ್ವ."

ಒಣಗಿದ ಗಂಧ. ನಾನೂ ನೋಡಿದ್ದೆ! ಪೂಜೆ ಮಾಡಿದ್ದನ್ನ ಒರೆಸಬಾರದು ಅಂತ ಅದರ ತಂಟೆಗೇ ಹೋಗಿರಲಿಲ್ಲ. ಗಣಿತ, ಸೈನ್ಸ್ ಟೀಚರಂತೆ ನಾನು. ಉಗುರಿನಷ್ಟೂ ದಪ್ಪ ಇಲ್ಲದ ಪದರ, ಅಲಗನ್ನು ಒಂದು ಡಿಗ್ರಿ ವಾಲಿಸಿತ್ತು. ಎರಡು ದಿನ ಮೀಟರ್ ಹಿಡಿದು ಒದ್ದಾಡಿದರೂ ನನಗೆ ಸಿಗದ್ದು ಆ ಬೆರಳಿಗೆ ಒಂದೇ ಸಲಕ್ಕೆ ಸಿಕ್ಕಿತು. ಅಪ್ಪನನ್ನು ಹೊಸಬರ ಥರ ನೋಡಿದೆ.

ಗಂಧ ಕೆರೆದು, ಕಣ್ಣಿಗೊತ್ತಿಕೊಂಡು, ಮಸೆಯೋಕೆ ಕೂತರು. ಕೈ ನಡುಗ್ತಿತ್ತು, ಕಲ್ಲು ನಡುಗಲಿಲ್ಲ. ಎರಡೂ ಮಗ್ಗುಲು 25. ಕೆಂಪಣ್ಣ ಮುಂಗೈ ಕೂದಲ ಮೇಲೆ ಅಲಗು ಆಡಿಸಿ ನೋಡಿದ.

"ಇದು ನಿಮ್ದೇ ಕೈ ಕಣ್ ಆಚಾರ್ರೆ."

ಅಳು ಬಂತು. ಒಳಗೆ ಹೋದೆ.

ಅದೇ ದಿನ, ಸಂಜೆ

ಅಪ್ಪ ಈಗ ಅವ್ವನ ಈಳಿಗೆಮಣೆ ತಂದು ಕೂತಿದಾರೆ. ಅದರ ಅಲಗು ಬಾಗಿದೆ, ನನ್ನ ಚಾನೆಲ್ ನೇರ, ಆಗಲ್ಲ ಅಂದೆ. ಚಾನೆಲ್ಲನ್ನೇ ಬಗ್ಗಿಸೋಣ ಅಂದರು. ಸ್ಟ್ರೋಕ್ ಆದ ಮೇಲೆ ಮೊದಲ ಸಲ ಕುಲುಮೆಯ ತಿದಿ ಸದ್ದು. ಅವ್ವ ಇದ್ದಿಲು ಹೊರ್ತಿದಾಳೆ. ನನ್ನನ್ನೂ ಕೂಗ್ತಿದಾರೆ — ಕಬ್ಬಿಣ ಕಾದದೆ, ಬೇಗ ಬಂದು ಇಕ್ಕಳ ಹಿಡ್ಕ...