ಬಲಕ್ಕೆ ತಿರುಗುವ ಹಿಡಿಕೆ

ಆದವಾನಿ
೨೩-೨-೧೯೮೪

ಪ್ರೀತಿಯ ತುಂಗಕ್ಕಾ,

ಸೇತುಮಾಧವನ ನಮಸ್ಕಾರ. ನಿನ್ನ ಮೊಣಕಾಲು ಈಗ ಹೇಗಿದೆ? ಸೋಲಾಪುರದ ಕ್ವಾರ್ಟರ್ಸಿನ ಮೆಟ್ಟಿಲು ಹತ್ತುವಾಗ ನೋಯುತ್ತದೆ ಎಂದು ಬರೆದಿದ್ದೀ. ಬೇವಿನೆಣ್ಣೆ ಬಿಸಿ ಮಾಡಿ ಹಚ್ಚು ಎಂದು ಅಮ್ಮ ಹೇಳಿದ್ದಾಳೆ, ನೀನು ಹಚ್ಚುವುದಿಲ್ಲ ಎಂಬುದೂ ಅವಳಿಗೆ ಗೊತ್ತು. ಭಾವನವರ ರಾತ್ರಿ ಪಾಳಿ ಮುಗಿದಿರಬೇಕು. ಇಲ್ಲಿ ಅಮ್ಮ, ಅಂಬೂ, ಮಕ್ಕಳು ಎಲ್ಲರೂ ಕ್ಷೇಮ. ಹತ್ತಿಯ ಸುಗ್ಗಿ ಮುಗಿಯುತ್ತ ಬಂದು ಮಾರ್ಕೆಟ್ ಕಮಿಟಿ ಆಫೀಸಿನಲ್ಲಿ ಕೆಲಸ ತುಸು ಹಗುರಾಗಿದೆ.

ಅಪ್ಪ ಚೆನ್ನಾಗಿದ್ದಾರೆ. ಹೊಲಿಗೆ ಬಿಚ್ಚಿದ್ದಾರೆ. ಕೊಳವೆ ತೆಗೆದ ಮೇಲೆ ಮೂತ್ರ ಸರಾಗವಾಗಿದೆ. ಬೆಳಿಗ್ಗೆ ಅಂಗಳದಲ್ಲಿ ಮೂರು ಸುತ್ತು ಹಾಕುತ್ತಾರೆ, ನಾಲ್ಕನೆಯದಕ್ಕೆ ಅಮ್ಮ ಬಿಡುವುದಿಲ್ಲ. ಸಾರಿಗೆ ಉಪ್ಪು ಸಾಲದು ಎಂದು ಸಿಟ್ಟು ಮಾಡುವಷ್ಟು ಶಕ್ತಿ ಬಂದಿದೆ. ಆದ್ದರಿಂದ ಮುಂದೆ ಬರೆಯುವುದನ್ನು ಓದಿ ಅಪ್ಪನ ವಿಷಯಕ್ಕೆ ಗಾಬರಿಯಾಗಬೇಡ. ಇದು ನನ್ನ ವಿಷಯ.

ನಿನ್ನ ಹೋದ ವಾರದ ಪತ್ರವನ್ನು ಅಪ್ಪ ನನ್ನಿಂದಲೇ ಎರಡು ಸಲ ಓದಿಸಿದರು. ಕರೆಂಟು ಹೋದಾಗ ನಲವತ್ತು ನಿಮಿಷ ಯಂತ್ರ ತಿರುಗಿಸಿ ನಮ್ಮ ಸೇತು ಅಪ್ಪನನ್ನು ಉಳಿಸಿಕೊಂಡ ಎಂದು ನಿಮ್ಮ ಓಣಿಯಲ್ಲೆಲ್ಲ ಹೇಳಿದ್ದೀ. ಬರುವ ದ್ವಾದಶಿಯ ದಿನ ಜರಿಯಂಚಿನ ಧೋತರ ತರುತ್ತೀ, ಪಾರಣೆ ಆದ ಮೇಲೆ ನೆಂಟರ ಎದುರಿಗೆ ಅಪ್ಪ ಅದನ್ನು ನನಗೆ ಹೊದಿಸಬೇಕು ಎಂದೂ ಬರೆದಿದ್ದೀ. ಅಪ್ಪ ಆಗಲೇ ಹತ್ತು ಮನೆಗೆ ಹೇಳಿ ಕಳಿಸಿದ್ದಾರೆ. ಆ ಸಾಲುಗಳನ್ನು ನಾನು ಗಟ್ಟಿಯಾಗಿಯೇ ಓದಿದೆ. ಓದುವಾಗ ಧ್ವನಿ ನಡುಗಲಿಲ್ಲ. ಆಮೇಲೆ ಅದೇ ನನಗೆ ಹೆಚ್ಚು ನಾಚಿಕೆ ತಂದಿತು.

ಅಕ್ಕಾ, ಯಂತ್ರ ತಿರುಗಿಸಿದವನು ನಾನಲ್ಲ.

ಆ ಯಂತ್ರವನ್ನು ನೀನು ನೋಡಿಲ್ಲ, ಹೇಳುತ್ತೇನೆ. ಪ್ರಾಸ್ಟೇಟ್ ಗ್ರಂಥಿಯ ಈ ಆಪರೇಷನ್ ಆದ ಮೇಲೆ ಎರಡು ದಿನ ಮೂತ್ರಕೋಶದಲ್ಲಿ ರಕ್ತ ಜಿನುಗುತ್ತಿರುತ್ತದೆ. ಅದು ಹೆಪ್ಪುಗಟ್ಟಿದರೆ ದಾರಿ ಮುಚ್ಚಿಹೋಗುತ್ತದೆ. ಅದಕ್ಕೆ ಕ್ಯಾಥೆಟರ್ ಎಂಬ ರಬ್ಬರ್ ಕೊಳವೆಯಿಂದ ಉಪ್ಪುನೀರನ್ನು ಒಳಗೆ ಬಿಡುತ್ತಲೇ ಇರಬೇಕು, ಒಳಗೆ ಹೋದಷ್ಟು ನೀರು ರಕ್ತ ತೊಳೆದುಕೊಂಡು ಮಂಚದ ಕೆಳಗಿನ ಸೀಸೆಗೆ ಬರುತ್ತಲೇ ಇರಬೇಕು. ಬೇರೆ ಕಡೆ ನೀರಿನ ಸೀಸೆಯನ್ನು ಎತ್ತರಕ್ಕೆ ತೂಗುಹಾಕಿ ಬಿಡುತ್ತಾರಂತೆ. ಸ್ಟೇಷನ್ ರಸ್ತೆಯ ಈ ನರ್ಸಿಂಗ್ ಹೋಮಿನ ಡಾಕ್ಟರು ಮದರಾಸಿನಿಂದ ಒಂದು ಪಂಪು ತರಿಸಿದ್ದಾರೆ. ಹೊಲಿಗೆ ಯಂತ್ರದಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಳಗೊಂದು ಗಾಲಿ, ಗಾಲಿಗೆ ಮೂರು ಉರುಳೆ. ಗಾಲಿ ತಿರುಗಿದಂತೆ ಉರುಳೆಗಳು ರಬ್ಬರ್ ನಳಿಗೆಯನ್ನು ಒತ್ತುತ್ತ ನೀರನ್ನು ಮುಂದೆ ದೂಡುತ್ತವೆ. ಇದರ ತೊಂದರೆ ಒಂದೇ. ಕರೆಂಟು ಹೋದರೆ ಉರುಳೆ ನಳಿಗೆಯನ್ನು ಒತ್ತಿಹಿಡಿದೇ ನಿಲ್ಲುತ್ತದೆ, ಆಗ ಒಂದು ಹನಿಯೂ ಹೋಗದು. ಅದಕ್ಕೇ ಪಕ್ಕದಲ್ಲಿ ಒಂದು ಹಿಡಿಕೆ. ನಮ್ಮೂರಿನ ಕರೆಂಟಿನ ಹಣೆಬರಹ ತಿಳಿದ ಡಾಕ್ಟರು ಆಪರೇಷನ್ನಿಗೆ ಮುಂಚೆ ನನ್ನನ್ನು ಕರೆದು ಹಿಡಿಕೆ ತಿರುಗಿಸುವುದನ್ನು ತೋರಿಸಿದರು. ಕೆಳಗಿನ ಸೀಸೆಗೆ ನೀರು ಬರುವುದು ನಿಂತರೆ ತಿರುಗಿಸುವುದನ್ನೂ ನಿಲ್ಲಿಸಬೇಕು ಎಂದರು. ನಾನು ತಲೆಯಾಡಿಸಿದೆ. ಒಂದು ಸಲವೂ ಕೈ ಹಚ್ಚಿ ನೋಡಲಿಲ್ಲ. ಎಷ್ಟು ಜನರ ರಕ್ತ, ಮೂತ್ರ ಹಾದ ಯಂತ್ರವೋ ಎಂದು ಮನಸ್ಸಿನಲ್ಲಿ ಹಿಂಜರಿದೆ.

ಅರಿವಳಿಕೆ ಕೊಡುವವರು ಕರ್ನೂಲಿನಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಾರಾದ್ದರಿಂದ ಆಪರೇಷನ್ ಏಕಾದಶಿಯ ದಿನವೇ ಆಯಿತೆಂದು ನಿನಗೆ ಗೊತ್ತು. ಅರವತ್ತು ವರ್ಷ ತಪ್ಪದ ವ್ರತ ಅಪ್ಪನದು. ಏಕಾದಶಿ ಆಸ್ಪತ್ರೆಯ ಪಾಲಾಯಿತು, ದ್ವಾದಶಿಯ ತೀರ್ಥವಾದರೂ ಮಡಿಯಿಂದ, ಹೊತ್ತು ಮೀರದಂತೆ ಸಿಗಬೇಕು ಎಂದು ಸ್ಟ್ರೆಚರ್ ಮೇಲೆ ಮಲಗಿಯೇ ನನ್ನಿಂದ ಮಾತು ತೆಗೆದುಕೊಂಡರು. ಪಾರಣೆಯ ಹೊತ್ತು ಬೆಳಿಗ್ಗೆ ಏಳಕ್ಕೆ ಮುಗಿಯುತ್ತಿತ್ತು. ನಾನು ಆರಕ್ಕೆ ಮನೆಯಿಂದ ತೀರ್ಥದ ಗಿಂಡಿ ತಂದೆ. ರಾತ್ರಿಯೆಲ್ಲ ಕೂತಿದ್ದ ಅಂಬೂಳನ್ನು ಮನೆಗೆ ಕಳಿಸಿದೆ. ಆಸ್ಪತ್ರೆಯ ಹಿಂದಿನ ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ವಾರ್ಡಿಗೆ ಬಂದೆ. ಅಪ್ಪನ ಮಂಚದ ಹತ್ತಿರ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಆಗ ನಾನು ಏನು ಯೋಚಿಸಿದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಹಿಡಿಕೆ ಮುಟ್ಟಿದರೆ ಮಡಿ ಹೋಯಿತು. ಮತ್ತೆ ಬಾವಿಗೆ ಹೋಗಬೇಕು, ಮೀಯಬೇಕು, ಅಷ್ಟರಲ್ಲಿ ಏಳು ಹೊಡೆಯುತ್ತದೆ. ಕರೆಂಟು ಈಗ ಬರುತ್ತದೆ, ಎರಡು ನಿಮಿಷ ನೋಡೋಣ. ಇಷ್ಟೇ. ನರ್ಸ್ ಮಹಾಂತಮ್ಮನವರನ್ನು ಕೂಗಿದೆ. ಅವರು ಹೆರಿಗೆ ಕೋಣೆಯಲ್ಲಿದ್ದರು, ಕೇಳಿಸಲಿಲ್ಲ. ಅಪ್ಪ ನರಳತೊಡಗಿದರು. ನಾನು ಗಿಂಡಿ ಹಿಡಿದುಕೊಂಡು ನಿಂತೇ ಇದ್ದೆ.

ಪಕ್ಕದ ಮಂಚದಲ್ಲಿ ಮದ್ದಿಕೇರ ಕಡೆಯ ಕುರಿ ಕಾಯುವವನು, ಯರ್ರೆಪ್ಪ ಎಂದು. ಅವನಿಗೂ ಇದೇ ಕಾಯಿಲೆ. ಮೈಯಲ್ಲಿ ರಕ್ತ ಸಾಲದೆಂದು ಅವನ ಆಪರೇಷನ್ನನ್ನು ಮುಂದಿನ ಸರದಿಗೆ ಹಾಕಿದ್ದರು. ಅವನ ಹೆಂಡತಿ ಬಸವಕ್ಕ ನೆಲದ ಮೇಲೆ ಕೂತಿದ್ದಳು. ಡಾಕ್ಟರು ನನಗೆ ಯಂತ್ರ ತೋರಿಸುವಾಗ ಆಕೆ ಅಲ್ಲಿಂದಲೇ ನೋಡಿದ್ದಳಂತೆ. ಎದ್ದು ಬಂದಳು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಹೊರಟ ಮಾತು ಒಂದೇ: "ಮಡಿಯೊಳಗಿದ್ದೀನಿ, ಮುಟ್ಟಿಗಿಟ್ಟೀಯಾ."

"ನಿಮ್ಮನ್ನ್ಯಾಕ ಮುಟ್ಟಲಿ ಸಾಮಿ, ಗಾಲಿ ಮುಟ್ಟತೀನಿ" ಅಂದಳು.

ಹಿಡಿಕೆ ಹಿಡಿದು ತಿರುಗಿಸತೊಡಗಿದಳು. ಗಾಲಿ ಕಿರ್ ಎನ್ನುವುದು, ಆಕೆಯ ಬಳೆಗಳೂ ಹಿತ್ತಾಳೆ ಕಡಗಗಳೂ ಕಬ್ಬಿಣಕ್ಕೆ ತಾಗಿ ಝಣ್ ಎನ್ನುವುದು. ಹತ್ತು ನಿಮಿಷವಾಗಿರಬಹುದು, ಕೆಳಗಿನ ಸೀಸೆಗೆ ನೀರು ಬರುವುದು ನಿಂತಿತು. ನಾನು ಗಮನಿಸಿರಲಿಲ್ಲ. ಆಕೆ ಗಮನಿಸಿ ತಟ್ಟನೆ ಕೈ ನಿಲ್ಲಿಸಿದಳು. ಟಗರಿಗೆ ಉಚ್ಚೆ ಕಟ್ಟಿದರೆ ಮೂರು ದಿನ ಉಳಿಯುವುದಿಲ್ಲ, ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ, ಹೊರಗಿನ ಕೊಳವೆಯನ್ನು ಎರಡು ಬೆರಳಲ್ಲಿ ಒತ್ತಿ, ಕುರಿಯ ಹಾಲು ಹಿಂಡಿದ ಹಾಗೆ ಕೆಳಕ್ಕೆ ಎಳೆದಳು. ನಾಲ್ಕು ಸಲ ಎಳೆದ ಮೇಲೆ ಹುಣಸೆಬೀಜದಷ್ಟು ಹೆಪ್ಪು ಸೀಸೆಗೆ ಬಿತ್ತು, ಹಿಂದೆಯೇ ಕೆಂಪು ನೀರು ಹರಿಯಿತು. ಅಪ್ಪನ ನರಳಾಟ ನಿಂತಿತು. ಆಕೆ ಮತ್ತೆ ಹಿಡಿಕೆಗೆ ಹೋದಳು. ಏಳಕ್ಕೆ ಹತ್ತು ನಿಮಿಷವಿದ್ದಾಗ ನಾನು ಮಂಚದ ಆ ಬದಿಯಿಂದ ಬಗ್ಗಿ ಅಪ್ಪನ ಬಾಯಿಗೆ ಮೂರು ಉದ್ಧರಣೆ ತೀರ್ಥ ಬಿಟ್ಟೆ. ನನಗೆ ತಾಗಬಾರದೆಂದು ಆಕೆ ಮೈ ಹಿಂದಕ್ಕೆ ವಾಲಿಸಿ, ಕೈ ಮಾತ್ರ ಮುಂದೆ ಚಾಚಿ ತಿರುಗಿಸುತ್ತಿದ್ದಳು. ಅಕ್ಕಾ, ಕಣ್ಣು ಮುಚ್ಚಿದರೆ ಈಗಲೂ ನನಗೆ ಕಾಣುವುದು ಆಕೆಯ ಆ ವಾಲಿದ ಮೈ.

ಏಳಕ್ಕೆ ಕರೆಂಟು ಬಂತು, ಮಹಾಂತಮ್ಮನವರೂ ಬಂದರು. ಹಿಡಿಕೆ ಬಿಟ್ಟ ಬಸವಕ್ಕನ ಕೈ ಆಗ ಮತ್ತೆ ಕೊಳವೆಯ ಮೇಲಿತ್ತು. "ನಿನ್ನು ಎವರು ಮುಟ್ಟುಕೋಮನ್ನಾರು?" ಎಂದು ತೆಲುಗಿನಲ್ಲಿ ಗದರಿಸಿದರು. ಮುಟ್ಟು ಎಂದು ಯಾರೂ ಹೇಳಿರಲಿಲ್ಲ, ಅದು ನಿಜವೇ. ಬಸವಕ್ಕ ನನ್ನ ಕಡೆ ನೋಡಿದಳು. ನಾನು ಗಿಂಡಿಯ ಮುಚ್ಚಳ ಸರಿಮಾಡಿದೆ. ಎಂಟಕ್ಕೆ ಡಾಕ್ಟರು ಬಂದಾಗ, ತಾವು ಇರಲಿಲ್ಲ ಎಂಬುದು ಹೊರಬೀಳಬಾರದೆಂದೋ ಏನೋ, ಮಹಾಂತಮ್ಮ ಮಗನೇ ತಿರುಗಿಸಿದರು, ಕುರಿಯಾಕೆ ಕೊಳವೆ ಎಳೆದಾಡಿದಳು ಎಂದುಬಿಟ್ಟರು. ಡಾಕ್ಟರು ನನ್ನ ಬೆನ್ನು ತಟ್ಟಿದರು. ನಾನು ಹೂಂ ಎಂದೆ. ಸಂದರ್ಶನದ ಹೊತ್ತು ಬಿಟ್ಟು ಆಕೆ ವಾರ್ಡಿನೊಳಗೆ ಬರಕೂಡದೆಂದು ಅಪ್ಪಣೆಯಾಯಿತು. ಮುಂದೆ ಏಳು ದಿನ ನಾವಲ್ಲಿದ್ದೆವು. ಆಕೆ ವರಾಂಡದ ಕಿಟಕಿಯಲ್ಲಿ ನಿಂತು ಗಂಡನನ್ನು ನೋಡುತ್ತಿದ್ದಳು, ಯರ್ರೆಪ್ಪ ಊಟದ ತಟ್ಟೆಯನ್ನು ಹಾಗೇ ಬಿಡುತ್ತಿದ್ದ. ನಾನು ಕಿಟಕಿಗೆ ಬೆನ್ನು ಮಾಡಿ ಪೇಪರು ಓದುತ್ತಿದ್ದೆ.

ಇನ್ನೊಂದಿದೆ. ಅರೆಎಚ್ಚರದಲ್ಲಿ ಗೆಜ್ಜೆಯ ಸಪ್ಪಳ ಕೇಳಿತು, ಕೃಷ್ಣನೇ ಬಂದು ಮಂಚದ ಪಕ್ಕ ನಿಂತಿದ್ದ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಕೇಳಿದವರು ಕೈಮುಗಿಯುತ್ತಾರೆ. ಅಮ್ಮ ಮಾತ್ರ ಔಷಧದ ಅಮಲು ಎಂದು ನಗುತ್ತಾಳೆ. ಅದಕ್ಕೆ ಅವರು ಮಗುವಿನಂತೆ ಮುನಿಯುತ್ತಾರೆ. ಅದು ಏನೆಂದು ನನಗೆ ಗೊತ್ತು.

ಹೀಗೇ ಮುಚ್ಚಿಹೋಗುತ್ತಿತ್ತೇನೋ. ಮೊನ್ನೆ ಅಪ್ಪನನ್ನು ತೋರಿಸಲು ಕರೆದೊಯ್ದಿದ್ದೆ. ಡಾಕ್ಟರು ನನ್ನನ್ನು ಒಳಗೆ ಕರೆದರು. ಯರ್ರೆಪ್ಪನ ಆಪರೇಷನ್ ಬರುವ ಏಕಾದಶಿಗೆ, ಮತ್ತೆ ಕರ್ನೂಲಿನವರು ಬರುವ ದಿನವೇ. ಬಸವಕ್ಕ ಅಲ್ಲಿ ನಿಂತಿದ್ದಳು. "ಆಚಾರ್ಯರೇ, ನೀವು ಮಾಡಿದವರು, ಈಕಿಗೆ ನೀವೇ ಕಲಿಸಿಕೊಡ್ರಿ. ಈಕಿ ಕೈಲೆ ಆಗ್ತದ ಅಂತ ನೀವು ಹೇಳಿದರ ಆಪರೇಷನ್ ಮಾಡ್ತೀನಿ. ಇಲ್ಲಂದರ ಕರ್ನೂಲು ದೊಡ್ಡ ಆಸ್ಪತ್ರೆಗೆ ಬರಕೊಡ್ತೀನಿ" ಅಂದರು. ನೋಡಿಕೊಳ್ಳಲು ಅವರಿಗೆ ಬೇರೆ ಯಾರೂ ಇಲ್ಲ. ಮಗ ಕುರಿ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ ಹೋಗಿದ್ದಾನೆ. ಕರ್ನೂಲಿನವರೆಗೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವ ತ್ರಾಣ ಯರ್ರೆಪ್ಪನಿಗಿಲ್ಲ.

ನಳಿಗೆಯ ಒಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ, ಇನ್ನೊಂದನ್ನು ಖಾಲಿ ಸೀಸೆಯಲ್ಲಿ ಇಟ್ಟಿದ್ದರು. ಮೊದಲ ಸಲ ಆ ಹಿಡಿಕೆಯನ್ನು ಮುಟ್ಟಿದೆ. ಎಡಕ್ಕೋ ಬಲಕ್ಕೋ ನನಗೆ ಗೊತ್ತಿರಲಿಲ್ಲ. ಎಡಕ್ಕೆ ತಿರುಗಿಸಿದೆ. ಸೀಸೆಗೆ ನೀರು ಬರುವ ಬದಲು ಬಕೆಟ್ಟಿನಲ್ಲಿ ಗುಳುಗುಳು ಗುಳ್ಳೆ ಎದ್ದವು. ಡಾಕ್ಟರು ಯಾವುದೋ ಚೀಟಿ ಬರೆಯುತ್ತಿದ್ದರು, ನೋಡಲಿಲ್ಲ. ಬಸವಕ್ಕ ನನಗಷ್ಟೇ ಕೇಳುವಂತೆ, "ಬಲಕ್ಕ, ಸಾಮಿ" ಅಂದಳು. ಬಲಕ್ಕೆ ತಿರುಗಿಸಿದೆ, ನೀರು ಏರಿತು. ಆಮೇಲೆ ಆಕೆ ತಿರುಗಿಸಿದಳು, ಅದೇ ಝಣ್ ಸಪ್ಪಳ. ಡಾಕ್ಟರು ತಲೆಯೆತ್ತಿ ಹೇಗೆ ಎಂದರು. ಅಲ್ಲೇ ಹೇಳಬಹುದಿತ್ತು. ನನಗೆ ಕಂಡದ್ದು ಇನ್ನೊಂದು ದಾರಿ. ಆಕೆಯ ಕೆಲಸವೂ ಆಗಲಿ, ನನ್ನ ಮಾನವೂ ಉಳಿಯಲಿ. "ಕಲಿತಾಳ್ರಿ" ಅಂದೆ.

ಹೊರಗೆ ಬಂದ ಮೇಲೆ ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಒಂದ ಗಳಿಗ್ಯಾಗ ಕಲಿಸಿಬಿಟ್ಟ್ರಿ ಸಾಮಿ" ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎರಡು ಹೆಜ್ಜೆ ಹೋಗಿ ತಿರುಗಿ, "ದೊಡ್ಡ ಸಾಮೇರಿಗೆ ಉಚ್ಚಿ ಸರಾಗ ಹೊಂಟೈತಾ?" ಎಂದು ಕೇಳಿದಳು. ಹೊರಟಿದೆ ಎಂದೆ. ಸಮಾಧಾನಪಟ್ಟುಕೊಂಡು ವರಾಂಡದ ತನ್ನ ಕಂಬಳಿಯ ಮೇಲೆ ಹೋಗಿ ಕೂತಳು. ಮಹಾಂತಮ್ಮನವರ ದೂರು ಇನ್ನೂ ಹಾಗೇ ಇರುವುದರಿಂದ ಆಪರೇಷನ್ನಿನ ದಿನದವರೆಗೆ ಆಕೆಯ ಜಾಗ ಅದೇ.

ಎರಡು ದಿನದಿಂದ ಆಫೀಸಿನಲ್ಲಿ ತೂಕದ ಚೀಟಿ ಬರೆಯುತ್ತ ಅಂಕಿ ತಪ್ಪುತ್ತಿದ್ದೇನೆ. ಮಡಿಯ ಮೇಲೆ ತಪ್ಪು ಹೊರಿಸಲಾರೆ. ಮಡಿಯಲ್ಲಿದ್ದೂ ಉರಿಯುವ ಒಲೆಯಿಂದ ನಿನ್ನ ಮಗುವನ್ನು ಎಳೆದುಕೊಂಡ ಅಮ್ಮನನ್ನು ನಾವಿಬ್ಬರೂ ನೋಡಿದ್ದೇವೆ, ಆ ದಿನ ಅವಳು ಬೈದದ್ದು ಒಲೆಯನ್ನು. ತಪ್ಪು ನನ್ನ ಕೈಯದು, ಆಮೇಲೆ ಬಾಯಿಯದು. ಅಪ್ಪನಿಗೆ, ಡಾಕ್ಟರಿಗೆ ಹೇಳುವ ಧೈರ್ಯ ಬರಲಿಲ್ಲ. ಚಿಕ್ಕಂದಿನಿಂದ ಮೊದಲು ನಿನಗೇ ಹೇಳಿ ರೂಢಿ. ಓದಿ ಬೈದು ಬರೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ರಾಯರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಸೇತು

ತಾಜಾ ಕಲಂ: ಅಂಚೆಗೆ ಹಾಕಲು ಹೊರಟವನು ದಾರಿಯಲ್ಲಿ ನರ್ಸಿಂಗ್ ಹೋಮಿನ ಒಳಗೆ ಹೋದೆ. ಈಗ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮಹಾಂತಮ್ಮನವರ ಎದುರಿಗೇ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬಸವಕ್ಕನನ್ನು ಒಳಗೆ ಕರೆಸಿ ಗಂಡನ ಹತ್ತಿರ ಕೂರಲು ಹೇಳಿದರು. ಎರಡು ದಿನ ಒಬ್ಬಳ ತೋಳಿಗೆ ಆಗದು, ಎರಡನೆಯ ಪಾಳಿ ನೀವು ಬರ್ರಿ, ಆಕಿ ಕಡಿಂದ ಕಲೀರಿ ಅಂದರು. ಒಪ್ಪಿ ಬಂದಿದ್ದೇನೆ. ಹಾಗಾಗಿ ದ್ವಾದಶಿಯ ಬೆಳಿಗ್ಗೆ ನಾನು ಮನೆಯಲ್ಲಿ ಇರುವುದಿಲ್ಲ, ಸ್ಟೇಷನ್ನಿನಿಂದ ನೇರ ಅಲ್ಲಿಗೆ ಬಾ. ಧೋತರ ತರಬೇಡ. ಅಂಚೆಗೆ ಬರುವ ಮುಂಚೆ ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ, ಬಳೆಯ ಸಪ್ಪಳವನ್ನೂ ಬಿಡಲಿಲ್ಲ. ಅಪ್ಪ ಅಮ್ಮನ ಕಡೆ ತಿರುಗಿ, "ನೋಡು, ಸಪ್ಪಳ ಖರೇನ ಕೇಳಿತ್ತು ನನಗ" ಅಂದರು. ಆಕೆಯ ಹೆಸರು ಕೇಳಿದರು. ನಾನು ಹೊರಡುವವರೆಗೂ ನನ್ನ ಕಡೆ ಮಾತ್ರ ನೋಡಲಿಲ್ಲ.