ಕ್ಯಾಪ್ಟನ್‌ನ ಕಂಠ

ಬುಡಾಪೆಸ್ಟ್,
ಸೋಮವಾರ, ೧೨ ಅಕ್ಟೋಬರ್ ೨೦೦೯

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಗಂಟಲ ನೋವು ಹೇಗಿದೆ? ಸೂಪಾದರೂ ಇಳಿಯುತ್ತಿದೆಯಾ? ಕೋಳಿ ಸೂಪಿಗೆ ಖಾರ ಹಾಕಬೇಡ ಅಂತ ಸರೋಲ್ತಾ ಅತ್ತೆಗೆ ಹೇಳಿದ್ದೇನೆ, ಅವಳು ಕೇಳುವವಳಲ್ಲ ಬಿಡು. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಮುಂದಿನ ಬೇಸಿಗೆ ಕಾಣುವುದು ಕಷ್ಟ ಅಂತ ಡಾಕ್ಟರು ಹೇಳಿದ ದಿನವೇ ನೀನು ಕೋಟು ಹಾಕಿಕೊಂಡು ಬಲಾಟನ್ ಸರೋವರದ ದಡದಲ್ಲಿರುವ ತಂಗಿ ಮನೆಗೆ ಓಡಿದೆ. ಹೋಗುವಾಗ "ಕಂಠ ಹೋದಮೇಲೆ ನಾನು ಯಾರೇ? ನನ್ನ ಮುಖ ಯಾರಿಗೆ ಗೊತ್ತು?" ಅಂದೆಯಲ್ಲ, ಆ ಮಾತು ಹದಿನೈದು ದಿನದಿಂದ ನನ್ನನ್ನು ಕೊರೆಯುತ್ತಿದೆ. ನಿನ್ನ ಮೇಲೆ ಸಿಟ್ಟೂ ಬಂದಿದೆ, ಬಚ್ಚಿಡುವುದಿಲ್ಲ.

ಆ ಸಿಟ್ಟಿನಲ್ಲೇ ಶನಿವಾರ ಮಧ್ಯಾಹ್ನ ನೀನು ಒಂದು ದಿನವೂ ಕಾಲಿಡದ ಜಾಗಕ್ಕೆ ಹೋಗಿಬಂದೆ. "ಒಂಬತ್ತನೇ ಕಕ್ಷೆ" ಧಾರಾವಾಹಿಯ ಅಭಿಮಾನಿಗಳ ಕೂಟ! ಇಪ್ಪತ್ತು ವರ್ಷದಿಂದ ಅವರು ನಿನ್ನನ್ನು ಕರೆಯುತ್ತಿದ್ದಾರೆ, ನೀನು "ನಟಿಸಿದ್ದು ಆ ಅಮೆರಿಕದವನು, ನಾನು ಅವನ ಬಾಯಿಗೆ ಹಂಗೇರಿಯನ್ ಮಾತು ತುಂಬಿದೆ ಅಷ್ಟೇ" ಅಂತ ಆಹ್ವಾನ ಹರಿದು ಹಾಕುತ್ತಿದ್ದೀಯ. ನಾನು ಯಾರೆಂದು ಹೇಳದೆ ಹಿಂದಿನ ಬೆಂಚಿನಲ್ಲಿ ಕೂತೆ. ಸುಮಾರು ನಲವತ್ತು ಜನ, ಬಹುಪಾಲು ತಲೆ ನರೆತವರು, ಅದರಲ್ಲಿನ ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ವಿಷಯ ನೆಂಟರ ಮನೆ ಸುದ್ದಿಯ ಹಾಗೆ ಮಾತಾಡುತ್ತಿದ್ದರು. ನೌಕೆಯ ಡಾಕ್ಟರಮ್ಮನ ಪಾತ್ರದವಳು ಮೂರನೇ ವರ್ಷಕ್ಕೆ ಬಿಟ್ಟುಹೋದಳಲ್ಲ, ಒಬ್ಬರು "ಸಂಬಳ ಜಾಸ್ತಿ ಕೇಳಿದ್ಲಂತೆ" ಅಂದರೆ ಇನ್ನೊಬ್ಬರು "ಸುಮ್ನಿರ್ರೀ, ಹೆರಿಗೆಗೆ ಹೋಗಿದ್ದು!" ಅಂತ ಮೈಮೇಲೇ ಏರಿ ಬಂದರು. ಹೋದ ವರ್ಷ ಕ್ಯಾಪ್ಟನ್ ಪಾತ್ರ ಮಾಡಿದ ಆ ಅಮೆರಿಕದವನೇ ಖುದ್ದಾಗಿ ಬಂದಿದ್ದನಂತೆ. ಯೋಲಾನ್ ಅಂತ ಒಬ್ಬಳು ಮುದುಕಿ, ಮೊದಲು ಟ್ರಾಮ್ ಓಡಿಸುತ್ತಿದ್ದವಳು, ಅದನ್ನು ಹೇಳಿದ ರೀತಿ ನೀನು ಕೇಳಬೇಕಿತ್ತು. "ಆಸಾಮಿ ನೋಡೋಕೆ ಚೆನ್ನಾಗೇ ಇದ್ದ. ಬಾಯಿ ಬಿಟ್ಟ ನೋಡಿ, ಅಯ್ಯೋ ದೇವರೇ, ಮೂಗಲ್ಲಿ ಮಾತು! ಇವನು ನಮ್ಮ ಕ್ಯಾಪ್ಟನ್ ಅಲ್ಲವೇ ಅಲ್ಲ ಅಂತ ಮುಖಕ್ಕೇ ಹೇಳಿಬಿಟ್ಟೆ. ಪಾಪ, ಅವನಿಗೆ ಭಾಷೆ ಬರಲ್ಲ, ಥ್ಯಾಂಕ್ಯೂ ಅಂದ." ಅವರಿಗೆ ಕ್ಯಾಪ್ಟನ್ ಅಂದರೆ ನೀನೇ ಅಪ್ಪಾ. ನಿನ್ನ ಹೆಸರು, ತಿಹಮೇರ್ ಅಂತ, ಬ್ಯಾನರಿನ ಮೇಲೆ ಬರೆಸಿದ್ದಾರೆ.

ಆಮೇಲೆ ಬೆರ್ತಲಾನ್ ಎಂಬ ಲೆಕ್ಕದ ಮೇಷ್ಟ್ರು ಎದ್ದರು. ಕೊನೆಯ ಕಂತಿನಲ್ಲಿ ಕ್ಯಾಪ್ಟನ್ ನಮಗೆ ಬೆನ್ನು ಹಾಕಿ ನಿಂತು, "ನೌಕೆ ತಿರುಗಿಸಿ" ಅನ್ನುವ ಮೊದಲು ಐದು ಸೆಕೆಂಡ್ ಸುಮ್ಮನಿರುತ್ತಾನಲ್ಲ, ಆ ಐದು ಸೆಕೆಂಡಿನ ಮೇಲೆ ಅರ್ಧ ಗಂಟೆ ಭಾಷಣ! ಕ್ಯಾಪ್ಟನ್ ಆಗ ಸತ್ತ ಮಗನನ್ನು ನೆನೆಯುತ್ತಾನಂತೆ. ನನಗೆ ತಡೆಯಲಾಗಲಿಲ್ಲ. ಎದ್ದು, "ಸ್ವಾಮೀ, ಡಬ್ಬಿಂಗ್ ಮಾಡೋವಾಗ ಮಾತಿನ ಹಾಳೆ ಅಂಟಿಕೊಂಡಿತ್ತು. ಪ್ಲಮ್ ಜಾಮ್" ಅಂದುಬಿಟ್ಟೆ. ಸ್ಟುಡಿಯೋದಲ್ಲಿ ಬನ್ನು ತಿನ್ನಬೇಡ ಅಂತ ನಿನಗೆ ಎಷ್ಟು ಸಲ ಬೈದಿದ್ದರು! "ನಿಮಗೆ ಯಾರ್ರೀ ಹೇಳಿದ್ದು?" ಅಂದರು. "ನಮ್ಮಪ್ಪ" ಅಂದೆ. ಅಷ್ಟಕ್ಕೇ ನಲವತ್ತು ಜನವೂ ಎದ್ದು ನಿಂತುಬಿಟ್ಟರು. ಮೇಷ್ಟ್ರು ಮಾತ್ರ ಮೊಂಡು. "ನಿಮ್ಮ ತಂದೆಯವರ ಹಾಳೆ ಅಂಟಿರಬಹುದಮ್ಮ, ಕ್ಯಾಪ್ಟನ್ ಯೋಚನೆ ಮಾಡ್ತಾನೇ ಇದ್ದ" ಅಂದರು. ನಾನು ನಕ್ಕೆ, ನಗುತ್ತಾ ನಗುತ್ತಾ ಅಳು ಬಂತು, ಅಳುತ್ತಲೇ ನಿನ್ನ ಕಾಯಿಲೆ, ಆಪರೇಷನ್ನು, ನಿನ್ನ ಹಟ, ಎಲ್ಲಾ ಹೇಳಿಕೊಂಡೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ.

ಯೋಲಾನ್ ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ನನ್ನ ಗಂಡ ಆಸ್ಪತ್ರೆಯಲ್ಲಿದ್ದ ಚಳಿಗಾಲ ಪೂರ್ತಿ ನಿಮ್ಮಪ್ಪನ ದನಿ ಕೇಳಿಯೇ ನಾನು ಮನೇಲಿ ಒಬ್ಬಳೇ ಇರೋಕೆ ಆಗಿದ್ದು. ನೂರಾ ನಾಲ್ಕು ಕಂತು ನಮ್ಮ ಹತ್ರ ಭದ್ರವಾಗಿವೆ. ಇನ್ನು ಅವರು ಒಂದಕ್ಷರ ಆಡಬೇಕಾಗಿಲ್ಲ. ಬದುಕಿರಲಿ, ಅಷ್ಟೇ ಸಾಕು ಅಂತ ಹೇಳಮ್ಮ." ಬರುವಾಗ ಒಂದು ಡಬ್ಬಿ ಚೀಸ್ ಬಿಸ್ಕತ್ತು ಕೊಟ್ಟಳು. ನಿನಗೆ ನುಂಗಲಾಗುವುದಿಲ್ಲ ಅಂತ ನಾನೇ ಮುಗಿಸಿದೆ. ಗುರುತು ಪರಿಚಯವಿಲ್ಲದ ಜನ ನನ್ನ ಅಪ್ಪನನ್ನು ಇಷ್ಟು ವರ್ಷ ಹೀಗೆ ಕಾಪಾಡಿಕೊಂಡು ಬಂದಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಅವರನ್ನು ಎಷ್ಟು ನೆನೆದರೂ ನನಗೆ ಸಾಲದು.

ಅತ್ತೆಗೆ ನನ್ನ ನಮಸ್ಕಾರ ಹೇಳು, ಅವಳ ಬೆಕ್ಕಿಗೊಂದು ಮುದ್ದು. ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ಹೊರಗೆ ಹೋಗು.

ನಿನ್ನ ಬಾಯಿಬಡುಕಿ ಮಗಳು,
ಎನಿಕೋ

ಅಂಚೆಗೆ ಹಾಕುವ ಮುನ್ನ ಇನ್ನೊಂದು ಮಾತು: ಆಸ್ಪತ್ರೆಯವರು ಶುಕ್ರವಾರದವರೆಗೆ ನಿನಗಾಗಿ ಹಾಸಿಗೆ ಇಟ್ಟಿರುತ್ತಾರೆ. ಕೂಟದಲ್ಲಿ ಎಲ್ಲರ ಎದುರು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಮರುದಿನದ ಕೆಲಸಕ್ಕೆ ಗಂಟಲು ಉಳಿಸಬೇಕೆಂದು ಸಂಜೆ ಆರರ ಮೇಲೆ ಮನೆಯಲ್ಲಿ ನೀನು ಬಾಯಿ ತೆರೆದವನೇ ಅಲ್ಲ. ಲೆಕ್ಕ ಹೇಳಿಕೊಟ್ಟದ್ದು ಚೀಟಿಯಲ್ಲಿ, ಬೈದದ್ದು ಚೀಟಿಯಲ್ಲಿ. ಅಮ್ಮ ತೀರಿಹೋದ ದಿನ ನನ್ನ ತಟ್ಟೆಯ ಪಕ್ಕ ಇಟ್ಟದ್ದೂ ಚೀಟಿಯೇ: "ಊಟ ಮಾಡು, ನಾನಿದ್ದೇನೆ." ಆ ಕ್ಯಾಪ್ಟನ್ ಅಭಿಮಾನಿಗಳ ಹತ್ತಿರವೇ ಇರಲಿ ಅಪ್ಪಾ. ನನ್ನನ್ನು ಸಾಕಿದವನು ಮಾತಾಡದ ಮನುಷ್ಯ. ನನಗೆ ಅವನು ಬೇಕು. ಬಂದು ಆಪರೇಷನ್ನಿಗೆ ಸಹಿ ಹಾಕು.