ಟಗರಿನ ಕೊರಳಲ್ಲಿ ಮೊಬೈಲು

ಫೆಬ್ರವರಿ ೨೦೦೪

ಓಬಳೇಶ್ ಅವರಿಗೆ,

ನಾನು ಯಾವ ಟವರಿನ ಹತ್ತಿರ ಇದ್ದೇನೆಂದು ಮೊಬೈಲ್ ಕಂಪನಿಯಲ್ಲಿರುವ ನಿಮ್ಮ ಗೆಳೆಯ ನಿಮಗೆ ಹೇಳುತ್ತಾನೆಂಬುದು, ನೀವು ಮೊಳಕಾಲ್ಮೂರಿನಲ್ಲಿ ಅಕ್ಕನ ಮನೆ ಬಾಗಿಲು ಒದ್ದ ದಿನ ತಿಳಿಯಿತು. “ಎಲ್ಲಿಗೆ ಓಡಿದ್ರೂ ನಿನ್ ಫೋನೇ ಹೇಳ್ತೈತೆ ಕಣೇ” ಎಂದಿರಿ. ನನ್ನನ್ನು ಹೊಡೆದದ್ದು ಸಾಲದೆಂದು ಅಕ್ಕನ ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯನ್ನೂ ಕೊಯ್ದಿರಿ.

ಅದಕ್ಕೇ ಈ ಸಲ ನಿಮ್ಮ ಮನೆ ಬಿಡುವಾಗ ಮೊಬೈಲನ್ನು ಚಿತ್ತಪ್ಪಮಾವನ ಟಗರಿನ ಕೊರಳಿಗೆ, ಗಂಟೆಯ ಪಕ್ಕ ಕಟ್ಟಿದೆ. ಮಾವ ಕುರಿ ಹೊಡೆದುಕೊಂಡು ಮೇವಿಗೆಂದು ಆಂಧ್ರದ ಕಡೆ ಹೋಗಿದ್ದಾರೆ. ನೀವೂ ಬೈಕಿನಲ್ಲಿ ಪರಶುರಾಂಪುರ ದಾಟಿ ಅದೇ ದಾರಿಯಲ್ಲಿ ಅಲೆದು ಬಂದಿರೆಂದು ಕೇಳಿದೆ.

ಮತ್ತೆ ಹೋದರೆ ಮೊಬೈಲು ಬಿಚ್ಚಿಕೊಳ್ಳಿ. ಟಗರಿನ ಮೇಲೆ ಮಾತ್ರ ಕೈ ಮಾಡಬೇಡಿ. ಅದು ನನ್ನ ಹಾಗಲ್ಲ, ತಿರುಗಿ ಗುಮ್ಮುತ್ತದೆ.

ಇಂತಿ,
ಊರ ಹೆಸರು ಬರೆಯದ
ಮಾಲತಿ